ಕವಿಯ ಮರೆಯಲ್ಲಿ ಉಪಾಧ್ಯಾಯ
(ಕಯ್ಯಾರ ಕಿಞ್ಞಣ್ಣ ರೈಗಳನ್ನು ಕುರಿತು)

ಗತಿಸಿದ ಹಿರಿಯರಿಗೆ ಗೌರವ ಸಲ್ಲಿಸುವ ನಮ್ಮ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಭಾವಚಿತ್ರಕ್ಕೆ ಹಾರ ಹಾಕುವೆವು, ದೀಪ ಬೆಳಗಿಸುವೆವು, ನಾಲ್ಕೈದು ಮಂದಿ ವಕ್ತಾರರು ಒಬ್ಬರಾದ ಮೇಲೊಬ್ಬರು ಎದ್ದು, ದಿವಂಗತರು ಸರಳರೂ ಸಜ್ಜನರೂ ನಿಗರ್ವಿಗಳೂ ಆಗಿದ್ದರೆಂದು ಸಾರುವರು, ವಂದನಾರ್ಪಣೆಯಾಗುವುದು. ಮನೆಗೆ ಮರಳುವ ವಿದ್ಯಾರ್ಥಿಯನ್ನು ದಾರಿಯಲ್ಲಿ ನಿಲ್ಲಿಸಿ, "ಅವರು ಏನು ಮಾಡಿದರು, ಮಗು?" ಎಂದು ಕೇಳಿದರೆ ಅವನು ತಬ್ಬಿಬ್ಬಾಗುವನು. ಗುಣಗಳ ಪಟ್ಟಿ ಅವನ ಕಿವಿಗೆ ಬಿದ್ದಿದೆ. ಮನುಷ್ಯ ಅವನ ಕಣ್ಣಿಗೆ ಬಿದ್ದಿಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳ ವಿಷಯದಲ್ಲಿ ಈ ಕೊರತೆ ಇನ್ನೂ ವಿಚಿತ್ರವಾದ ರೂಪವನ್ನು ತಾಳಿದೆ. ಅವರ ಹೆಸರು ಬಂದೊಡನೆ ನಮ್ಮ ಸಭೆಗಳಲ್ಲಿ ಒಂದೇ ಒಂದು ಪದ್ಯ ಹಾಡಲ್ಪಡುವುದು. ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿಹೋದ ಸಂಕಟದಲ್ಲಿ ಹುಟ್ಟಿದ ಆ ಕೂಗಿನ ಪದ್ಯವನ್ನು ಓದುಗರಿಗೆ ನಾನು ಪರಿಚಯಿಸಬೇಕಾದುದಿಲ್ಲ. ಹಾಡು ಮುಗಿಯುವುದು, ಚಪ್ಪಾಳೆ ಬೀಳುವುದು, ಕವಿಯ ಋಣ ತೀರಿತೆಂದು ಎಲ್ಲರೂ ಏಳುವರು. ನೂರು ವರ್ಷ ಬಾಳಿದ ಒಬ್ಬ ಮನುಷ್ಯನನ್ನು ಹೀಗೆ ಒಂದು ಪದ್ಯದೊಳಗೆ ಅಡಗಿಸಿಡುವುದು ಸುಲಭ; ನ್ಯಾಯವಲ್ಲ. ಆ ಪದ್ಯದ ಮರೆಯಲ್ಲಿ ನಿಂತಿರುವ ಉಪಾಧ್ಯಾಯನನ್ನು ಸ್ವಲ್ಪ ಬೆಳಕಿಗೆ ಕರೆದು ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ರೈಗಳು ಕವಿಗಳಾಗಿದ್ದು ಜೀವನೋಪಾಯಕ್ಕಾಗಿ ಶಾಲೆಯಲ್ಲಿ ಪಾಠ ಹೇಳಿದವರೆಂದು ತಿಳಿದಿರುವವರು ಹಲವರು. ಉಪಾಧ್ಯಾಯರಾದುದರಿಂದಲೇ ಅವರ ಕಾವ್ಯಕ್ಕೆ ಅದರ ಗುಣವೂ ಅದರ ದೋಷವೂ ಬಂದುವೆಂಬುದು ನನ್ನ ಅಭಿಪ್ರಾಯ.

ಜೀವನದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಜನನ 1915ರ ಜೂನ್ 8. ಮರಣ 2015ರ ಆಗಸ್ಟ್ 9. ಮನೆಮಾತು ತುಳು. ಪೆರಡಾಲದಲ್ಲಿಯೂ ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ. ಹನ್ನೆರಡರ ಹರೆಯದಲ್ಲಿಯೇ ಒಂದು ಕೈಬರಹದ ಪತ್ರಿಕೆಯನ್ನು ಹೊರಡಿಸಿದ ಹುಡುಗನೀತ. (ನಮ್ಮ ಶಾಲೆಗಳ ಕೈಬರಹದ ಪತ್ರಿಕೆಗಳನ್ನು ಕಂಡು ನಗುವವರು ಇದನ್ನು ಗಮನಿಸಬೇಕು.) ಗಾಂಧೀಜಿಯವರ ಪ್ರಭಾವದಿಂದ ಸ್ವಾತಂತ್ರ್ಯಾಂದೋಲನಕ್ಕೆ ಬಂದವರು, ಮಂಗಳೂರಿನಲ್ಲಿ ಕೆಲಕಾಲ ಪತ್ರಿಕಾ ವೃತ್ತಿ ನಡೆಸಿದವರು, ಅನಂತರ ಊರಿಗೆ ಮರಳಿ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿ ಉಳಿದವರು. 1969ರಲ್ಲಿ ಉತ್ತಮ ಅಧ್ಯಾಪಕರೆಂಬ ರಾಷ್ಟ್ರ ಪ್ರಶಸ್ತಿ ದೊರೆಯಿತು. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ 15 ವರ್ಷ ದುಡಿದರು. 1997ರಲ್ಲಿ ಮಂಗಳೂರಿನಲ್ಲಿ ಕೂಡಿದ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಪೇಟೆಯಿಂದ ಹಳ್ಳಿಗೆ ಹಿಂದಿರುಗಿದ ಆ ಒಂದು ಹೆಜ್ಜೆ ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು. ಪತ್ರಿಕಾಲಯದ ಕುರ್ಚಿಯನ್ನು ಬಿಟ್ಟು ಹಳ್ಳಿಯ ಕರಿಹಲಗೆಯ ಮುಂದೆ ನಿಲ್ಲುವುದನ್ನು ಉನ್ನತಿಯೆಂದು ಯಾರೂ ಕರೆಯಲಾರರು. ರೈಗಳು ಆ ಕಡೆಗೇ ನಡೆದರು.

ಉಪಾಧ್ಯಾಯ ಕವಿಯೆಂಬುದು ದಕ್ಷಿಣ ಕನ್ನಡ ಜಿಲ್ಲೆಗೆ ಹೊಸದಲ್ಲ. ಪಂಜೆ ಮಂಗೇಶರಾಯರು (1874-1937) ಪಾಠ ಹೇಳಿದವರು, ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದವರು, ಮಕ್ಕಳಿಗಾಗಿ ಬರೆಯುವುದು ವಿದ್ವಾಂಸನ ಘನತೆಗೆ ಕುಂದಲ್ಲವೆಂದು ತೋರಿಸಿಕೊಟ್ಟವರು. ಮುಳಿಯ ತಿಮ್ಮಪ್ಪಯ್ಯನವರು, ಕಡೆಂಗೋಡ್ಲು ಶಂಕರಭಟ್ಟರು, ಸೇಡಿಯಾಪು ಕೃಷ್ಣಭಟ್ಟರು, ಇವರೆಲ್ಲರೂ ಶಾಲೆ ಕಾಲೇಜುಗಳ ಪಂಡಿತರೇ. ಮದ್ರಾಸ್ ಆಧಿಪತ್ಯದ ಒಂದು ಮೂಲೆಯಲ್ಲಿ, ಮೈಸೂರಿನಂತೆ ಅರಮನೆಯ ಆಶ್ರಯವಿಲ್ಲದೆ, ಧಾರವಾಡದಂತೆ ಒಂದು ದೊಡ್ಡ ಸಂಘದ ಆಧಾರವೂ ಇಲ್ಲದೆ ಕನ್ನಡವನ್ನು ಉಳಿಸಿಕೊಂಡು ಬಂದವರು ಹೆಚ್ಚಾಗಿ ಈ ಪಾಠ ಹೇಳುವ ವರ್ಗದವರು. ಮಠ, ಯಕ್ಷಗಾನದ ಮೇಳ, ಬಾಸೆಲ್ ಮಿಶನ್ನಿನ ಅಚ್ಚುಕೂಟ ಇವುಗಳ ಸೇವೆಯನ್ನು ನಾನು ಮರೆತಿಲ್ಲ. ಆದರೆ ನಿತ್ಯವೂ ಹತ್ತು ಗಂಟೆಗೆ ಬಾಗಿಲು ತೆರೆದು, ಬಂದ ಮಕ್ಕಳಿಗೆಲ್ಲ ಜಾತಿಮತಗಳನ್ನು ನೋಡದೆ ಕನ್ನಡವನ್ನು ಹಂಚಿದ ಸ್ಥಳ ಶಾಲೆಯೊಂದೇ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಯಲು ಸೀಮೆಯ ಓದುಗರಿಗೆ ಇದು ಥಟ್ಟನೆ ಹೊಳೆಯದು. ಕಾಸರಗೋಡನ್ನು ಸಪ್ತಭಾಷಾ ಸಂಗಮವೆಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುವೆವು. ಅದರ ಅರ್ಥವು ತರಗತಿಯೊಳಗೆ ಹೇಗಿರುವುದೆಂಬುದನ್ನು ಬಲ್ಲವನು ಒಂದನೆಯ ತರಗತಿಯ ಮಾಸ್ತರ. ನಾನು ಪಾಠ ಹೇಳಲು ಆರಂಭಿಸಿದ ವರ್ಷ ಒಂದು ದಿನ ಮಕ್ಕಳನ್ನು, "ಮನೆಯಲ್ಲಿ ತಾಯಿಯನ್ನು ಏನೆಂದು ಕರೆಯುತ್ತೀರಿ?" ಎಂದು ಕೇಳಿದೆ. ಒಬ್ಬಳು ಅಪ್ಪೆ ಎಂದಳು. ಹವ್ಯಕರ ಹುಡುಗ ಅಬ್ಬೆ ಎಂದ. ಮಾಪಿಳ್ಳೆಯ ಮಗು ಉಮ್ಮ ಎಂದಿತು. ಕಿಟಕಿಯ ಬಳಿಯ ಮರಾಟಿ ಹುಡುಗಿ ಆಯಿ ಎಂದು ಮೆಲ್ಲನೆ ಹೇಳಿ ನಾಚಿಕೊಂಡಳು. ಉಳಿದವರು ಅಮ್ಮ ಎಂದರು. ಆಮೇಲೆ ಸ್ಲೇಟು ಹಿಡಿದು ಬರೆಯಿರೆಂದಾಗ ಎಲ್ಲರೂ ಒಂದೇ ಶಬ್ದವನ್ನು ಬರೆದರು: ತಾಯಿ. ಯಾವ ಮನೆಯಲ್ಲಿಯೂ ಯಾರೂ ಕರೆಯದ ಆ ಶಬ್ದ ಎಲ್ಲರದೂ ಆಗಿತ್ತು.

ನಮ್ಮ ಕಡೆಯ ಕನ್ನಡದ ಸ್ಥಿತಿಯೇ ಇದು. ಹಾಸನದಲ್ಲಿಯೋ ಗದಗಿನಲ್ಲಿಯೋ ಶಾಲೆ ಇಲ್ಲದಿದ್ದರೂ ಕನ್ನಡವಿರುವುದು. ಮಾತು ಮೊದಲು, ಬರಹ ಆಮೇಲೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಕನ್ನಡವು ಶಾಲೆಯಿಂದ ಮನೆಗೆ ಬಂದ ಭಾಷೆ. ಮಗುವಿನ ಪುಸ್ತಕದ ಚೀಲದಲ್ಲಿ ಕುಳಿತು ಗದ್ದೆಯ ಹುಣಿಯ ಮೇಲೆ ನಡೆದು ಬಂದ ಭಾಷೆ. ಆದುದರಿಂದಲೇ ಅದು ಅಷ್ಟು ಶುದ್ಧ, ಅಷ್ಟು ಗ್ರಾಂಥಿಕ. ಯಕ್ಷಗಾನದ ಅರ್ಥಗಾರಿಕೆಯಂತೆ ಎದ್ದು ನಿಂತು ಆಡಬೇಕಾದುದು, ಒರಗಿ ಕುಳಿತು ಆಡತಕ್ಕದ್ದಲ್ಲ. ರೈಗಳ ಕಾವ್ಯದ ಭಾಷೆಯನ್ನು ಆಕ್ಷೇಪಿಸುವವರು ಈ ಹಿನ್ನೆಲೆಯನ್ನು ಗಣನೆಗೆ ತಂದುಕೊಳ್ಳುವುದಿಲ್ಲ. ಅವರ ಪದ್ಯಗಳಲ್ಲಿ ಆಡುಮಾತಿನ ಕೊಂಕು ಇಲ್ಲ, ಊರ ಸೊಗಡು ಇಲ್ಲ, ಎಲ್ಲವೂ ತಿದ್ದಿ ತೀಡಿದಂತಿದೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಸೊಗಡು ಅವರ ತುಳುವಿನಲ್ಲಿದೆ! 'ಎನ್ನಪ್ಪೆ ತುಳುವಪ್ಪೆ' ಎಂದು ತಮ್ಮ ತುಳು ಕವಿತೆಗಳ ಸಂಕಲನಕ್ಕೆ ಹೆಸರಿಟ್ಟ ಕವಿ, ಹೆತ್ತ ಭಾಷೆ ಯಾವುದು, ಓದಿಸಿದ ಭಾಷೆ ಯಾವುದು ಎಂಬ ವಿವೇಕವನ್ನು ಎಂದೂ ಕಳೆದುಕೊಂಡವರಲ್ಲ. ಕನ್ನಡದಲ್ಲಿ ಬರೆಯುವಾಗ ಅವರು ಬರೆದುದು, ಅಪ್ಪೆಯೂ ಅಬ್ಬೆಯೂ ಉಮ್ಮನೂ ಮನೆಯಲ್ಲಿರುವ ಮಕ್ಕಳೆಲ್ಲರೂ ಒಟ್ಟಾಗಿ ಓದಬಲ್ಲ ಕನ್ನಡದಲ್ಲಿ. ಅದು ಕಾವ್ಯದ ಬಡತನವೆಂದು ತೋರಿದರೆ ತೋರಲಿ. ತರಗತಿಯಲ್ಲಿ ಒಬ್ಬ ಮಗುವಿಗೆ ಮಾತ್ರ ತಿಳಿಯುವ ಶಬ್ದವನ್ನು ಬಳಸುವ ಮಾಸ್ತರನು ಉಳಿದವರನ್ನು ಹೊರಗೆ ನಿಲ್ಲಿಸಿದಂತಾಗುವುದು.

ಹಾಗೆಂದು ಅವರ ಕಾವ್ಯದಲ್ಲಿ ದೋಷಗಳಿಲ್ಲವೆಂದು ನಾನು ಹೇಳಲಾರೆ. ಗುರುಗಳನ್ನು ಗೌರವಿಸುವ ಲೇಖನದಲ್ಲಿ ದೋಷವನ್ನು ಎತ್ತಬಾರದೆಂದು ಕೆಲವರು ತಿಳಿಯುವರು. ನಾವು ಪ್ರಬಂಧಗಳನ್ನು ತಿದ್ದುವಾಗ ಕೆಂಪು ಶಾಯಿಯನ್ನು ಬಳಸುವುದು ವಿದ್ಯಾರ್ಥಿಯ ಮೇಲಿನ ದ್ವೇಷದಿಂದಲ್ಲವಷ್ಟೆ. 'ಶ್ರೀಮುಖ', 'ಐಕ್ಯಗಾನ', 'ಪುನರ್ನವ', 'ಚೇತನ', 'ಶತಮಾನದ ಗಾನ', 'ಗಂಧವತಿ', 'ಪ್ರತಿಭಾ ಪಯಸ್ವಿನಿ' ಮುಂತಾದ ಸಂಕಲನಗಳಲ್ಲಿ ಸಂದರ್ಭಕ್ಕಾಗಿ ಬರೆದ ಪದ್ಯಗಳು ಬಹಳ. ಸಂದರ್ಭವು ಸಂದುಹೋದೊಡನೆ ಅವುಗಳಲ್ಲಿ ಕೆಲವು ಮದುವೆ ಮುಗಿದ ಮರುದಿನದ ಚಪ್ಪರದಂತೆ ನಿಂತುಬಿಡುವುವು. ಉತ್ಸಾಹವು ಒಮ್ಮೊಮ್ಮೆ ವಿಶೇಷಣಗಳ ರಾಶಿಯಲ್ಲಿ ಹರಿದುಹೋಗುವುದು. ಮೊದಲ ನುಡಿಯಲ್ಲಿ ಹೇಳಿ ಮುಗಿದುದನ್ನು ಎರಡನೆಯದರಲ್ಲಿ, ಮೂರನೆಯದರಲ್ಲಿ ಮತ್ತೆ ಹೇಳುವ ಅಭ್ಯಾಸವೂ ಉಂಟು. ಇವೆಲ್ಲವೂ ನಮ್ಮ ವೃತ್ತಿಯ ದೋಷಗಳೆಂಬುದನ್ನು ಓದುವ ಉಪಾಧ್ಯಾಯ ಮಿತ್ರರು ಕೂಡಲೇ ಗುರುತಿಸುವರು. ಹಿಂದಿನ ಬೆಂಚಿನ ಹುಡುಗನಿಗೆ ಕೇಳಿಸಿತೋ ಇಲ್ಲವೋ ಎಂಬ ಶಂಕೆಯಿಂದ ಎರಡನೆಯ ಬಾರಿ ಹೇಳುವವರು ನಾವು. ಮುಂದಿನ ಬೆಂಚಿನವನಿಗೆ ಬೇಸರವಾಗುವುದು, ಏನು ಮಾಡಲಾದೀತು?

1950ರ ದಶಕದಿಂದಾಚೆಗೆ ನವ್ಯಕಾವ್ಯವು ಬೆಳೆದಂತೆ ಈ ಬಗೆಯ ಕಾವ್ಯಕ್ಕೆ ಬೆಲೆ ಇಳಿಯಿತು. ಕವಿ ತನ್ನೊಳಗೆ ತಾನು ಮಾತಾಡಿಕೊಳ್ಳಬೇಕು, ವ್ಯಂಗ್ಯವಿರಬೇಕು, ಒಂದು ಮಾತಿನ ಹಿಂದೆ ಅದಕ್ಕೆ ಎದುರಾದ ಇನ್ನೊಂದು ಮಾತು ಕದ್ದು ನಿಂತಿರಬೇಕು ಎಂಬ ಅಳತೆಗೋಲು ಬಂದಿತು. ಆ ಅಳತೆಗೋಲಿನಿಂದ ರೈಗಳನ್ನು ಅಳೆದರೆ ಅವರು ಗಿಡ್ಡರಾಗಿ ಕಾಣುವುದು ಸಹಜ. ವಿಮರ್ಶಕರು ಅದನ್ನು ಭಾಷಣವೆಂದು ಕರೆದು ಮುಂದೆ ಸಾಗಿದರು. ಆದರೆ ಕರೆ ಎಂಬುದೂ ಒಂದು ಪ್ರಾಚೀನವಾದ ಕಾವ್ಯರೂಪ. ಅದರಲ್ಲಿ ಕೇಳುವವನು ಎದುರಿಗೇ ಇರುವನು. ಅವನು ಎದ್ದು ಬರುವನೋ ಇಲ್ಲವೋ ಎಂಬುದೇ ಪದ್ಯದ ಫಲ. ಮನೆಗೆ ಬೆಂಕಿ ಬಿತ್ತೆಂದು ಸಾರುವ ಆ ಪ್ರಸಿದ್ಧ ಪದ್ಯವನ್ನು ಒಮ್ಮೆ ರಾಗವನ್ನು ಬಿಟ್ಟು, ಮನಸ್ಸಿನಲ್ಲಿಯೇ ಓದಿ ನೋಡಿರಿ. ಅದು ವಾದ ಹೂಡುವ ಪದ್ಯವಲ್ಲ. ಆಯೋಗಗಳ ವರದಿಯನ್ನಾಗಲಿ ಜನಗಣತಿಯ ಲೆಕ್ಕವನ್ನಾಗಲಿ ಅದು ಎತ್ತಿಕೊಳ್ಳುವುದಿಲ್ಲ. ನೆರೆಕರೆಯವರನ್ನು ಕೂಗಿ ಕರೆಯುವುದು, ಅಷ್ಟೆ. ಮುಳಿಹುಲ್ಲಿನ ಮಾಡಿನ ಮನೆಗಳಿದ್ದ ನಾಡಿನಲ್ಲಿ ಈ ಕೂಗಿಗೆ ಇದ್ದ ಅರ್ಥವನ್ನು ಇಂದಿನ ತಾರಸಿ ಮನೆಯ ಓದುಗನಿಗೆ ವಿವರಿಸಿ ಹೇಳಬೇಕಾಗುವುದು. ಒಂದು ಮನೆಗೆ ಹತ್ತಿದ ಬೆಂಕಿ ಸಂಜೆಯೊಳಗೆ ಇಡೀ ಬೈಲಿನದಾಗುತ್ತಿತ್ತು. ಕೊಡಪಾನ ಹಿಡಿದು ಓಡುವಾಗ ಯಾರ ಮನೆಯೆಂದು ವಿಚಾರಿಸುವ ರೂಢಿ ಇರಲಿಲ್ಲ.

ಈ ಪದ್ಯವು ಇಷ್ಟು ಪ್ರಸಿದ್ಧವಾದುದರಿಂದ ಮರೆಗೆ ಸರಿದ ಎರಡು ಕೃತಿಗಳ ಕಡೆಗೆ ಓದುಗರ ಗಮನವನ್ನು ಸೆಳೆಯಬೇಕಾಗಿದೆ.

ಒಂದು, 'ಕೊರಗ'. ನಮ್ಮ ಜಿಲ್ಲೆಗಳ ಕೊರಗ ಜನಾಂಗದ ಬಾಳನ್ನು ವಸ್ತುವಾಗಿ ತೆಗೆದುಕೊಂಡ ಕಾವ್ಯ. ಬುಟ್ಟಿ ಹೆಣೆದು, ಡೋಲು ಬಾರಿಸಿ, ಊರಿನ ಎಲ್ಲ ಮಂಗಲಕಾರ್ಯಗಳಿಗೂ ದೂರದಿಂದ ಸೇವೆ ಸಲ್ಲಿಸಿ, ಎಂಜಲಿಗೆ ಕಾಯಬೇಕಾಗಿದ್ದ ಜನ ಅವರು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನವನ್ನು ಕರ್ನಾಟಕವು ಮಾಡಿದುದು 2000ದಲ್ಲಿ. ಶಾಸನಕ್ಕಿಂತ ಎಷ್ಟೋ ಮೊದಲು ಹಳ್ಳಿಯ ಮೇಷ್ಟರೊಬ್ಬರು ಆ ಹೆಸರನ್ನು ಒಂದು ಕಾವ್ಯದ ಶಿರೋನಾಮೆಯಾಗಿ ಬರೆದರು. ನಮ್ಮ ಊರುಗಳಲ್ಲಿ ಬೈಗುಳವಾಗಿ ಬಳಕೆಯಲ್ಲಿದ್ದ ಶಬ್ದ ಅದು. ಅದನ್ನು ಪುಸ್ತಕದ ಮುಖಪುಟದಲ್ಲಿ ಮುದ್ರಿಸುವುದು ಸಣ್ಣ ಸಂಗತಿಯಲ್ಲ. ಇಂದಿನ ಓದುಗನು, ಅದರಲ್ಲಿಯೂ ಆ ಜನಾಂಗದಿಂದ ಬಂದ ಓದುಗನು, ಬೇರೊಬ್ಬರು ತಮ್ಮ ಪರವಾಗಿ ಮರುಗಿ ಬರೆದುದನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಆ ಪ್ರಶ್ನೆಯನ್ನು ಕೇಳಲು ಬೇಕಾದ ಅಕ್ಷರವನ್ನು ಹಳ್ಳಿಯ ಶಾಲೆ ಕೊಟ್ಟಿತೆಂಬುದನ್ನು ಮಾತ್ರ ಮರೆಯುವಂತಿಲ್ಲ.

ಇನ್ನೊಂದು, ಮಲಯಾಳದ ಮಹಾಕವಿ ಕುಮಾರನ್ ಆಶಾನರ (1873-1924) ಖಂಡಕಾವ್ಯಗಳ ಕನ್ನಡ ಅನುವಾದ. ನಮ್ಮ ಸಭೆಗಳಲ್ಲಿ ಇದರ ಪ್ರಸ್ತಾಪವನ್ನು ನಾನು ಕೇಳಿದುದೇ ಅಪರೂಪ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾಸರಗೋಡಿನ ವಿಲೀನಕ್ಕಾಗಿ ಕೊನೆಯ ವರೆಗೂ ಹಂಬಲಿಸಿದ ಹೋರಾಟಗಾರನ ಚಿತ್ರಕ್ಕೆ ಈ ಕೃತಿ ಹೊಂದಿಕೊಳ್ಳುವುದಿಲ್ಲವೆಂಬ ಸಂಕೋಚ ನಮಗೆ. ಹೊಂದಿಕೊಳ್ಳದಿರುವುದು ನಮ್ಮ ಚಿತ್ರ, ಮನುಷ್ಯನಲ್ಲ. ಆಶಾನರು ತಾರುಣ್ಯದಲ್ಲಿ ಬೆಂಗಳೂರಿಗೆ ಬಂದು ಸಂಸ್ಕೃತ ಓದಿದವರು; ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಪಲ್ಪು ಅವರ ಆಶ್ರಯದಲ್ಲಿದ್ದವರು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಉದ್ಯೋಗ ದೊರೆಯದೆ ಪಲ್ಪು ಅವರು ಮೈಸೂರಿಗೆ ಬಂದಿದ್ದರು. ಹೀಗೆ ಕನ್ನಡ ನಾಡಿನ ಅನ್ನದ ಋಣವಿದ್ದ ಮಲಯಾಳ ಕವಿಯನ್ನು, ಮಲಯಾಳ ನಾಡಿನ ಆಡಳಿತಕ್ಕೆ ಒಳಪಟ್ಟ ಕನ್ನಡ ಕವಿ ಕನ್ನಡಕ್ಕೆ ತಂದುದು ಎಂತಹ ಸಹಜವಾದ ವಿನಿಮಯ! ನೆರೆಯವನ ಆಡಳಿತದೊಡನೆ ಜಗಳವಿದ್ದವನಿಗೆ ನೆರೆಯವನ ಕವಿಯೊಡನೆ ಜಗಳವಿರಲಿಲ್ಲ. ಮಲಯಾಳವನ್ನು ಓದಲಾರೆವೆಂಬುದು ನಮ್ಮ ಬೇಡಿಕೆಯಾಗಿರಲಿಲ್ಲ. ಕನ್ನಡವನ್ನು ಬಿಡಲಾರೆವೆಂಬುದು ಬೇಡಿಕೆ. ಇವೆರಡನ್ನೂ ಒಂದೇ ಎಂದು ತಿಳಿಯುವ ಮಂದಿ ಹೊಳೆಯ ಎರಡು ದಡಗಳಲ್ಲಿಯೂ ಇದ್ದಾರೆ.

ಈಗ ಅವರ ಆತ್ಮಕಥೆಯ ಮಾತು. 'ದುಡಿತವೆ ನನ್ನ ದೇವರು' ಎಂಬ ಶಿರೋನಾಮೆಯನ್ನು ನೋಡಿರಿ. ಈ ಅರ್ಥಕ್ಕೆ ಕನ್ನಡದಲ್ಲಿ ಕಾಯಕವೆಂಬ ಸಿದ್ಧವಾದ, ಹಿರಿದಾದ, ಪರಂಪರೆಯ ಶಬ್ದವಿದೆ. ವೇದಿಕೆಯ ಮೇಲೆ ಅದನ್ನು ಬಳಸಿದರೆ ಚಪ್ಪಾಳೆ ಖಂಡಿತ. ರೈಗಳು ಅದನ್ನು ಮುಟ್ಟಲಿಲ್ಲ. ದುಡಿತವೆಂಬುದು ಗದ್ದೆಯ ಶಬ್ದ, ಕೂಲಿಯ ಶಬ್ದ; ಬೆವರಿನ ವಾಸನೆಯುಳ್ಳ ಶಬ್ದ. ಪೆರಡಾಲದ 'ಕವಿತಾ ಕುಟೀರ'ದ ಯಜಮಾನರು ಕೃಷಿಕರೂ ಆಗಿದ್ದರು. ನಮ್ಮ ಕಡೆಯ ಅಧ್ಯಾಪಕನಿಗೆ ಬೆಳಗ್ಗೆ ತೋಟ, ಹಗಲು ಶಾಲೆ, ಸಂಜೆ ಊರಿನ ಕೆಲಸ. ಅಡಿಕೆ ಮರಕ್ಕೆ ನೀರು ಹಾಯಿಸಿದ ಕೈಯೇ ಹಾಜರಿ ಪುಸ್ತಕವನ್ನು ತೆರೆಯುವುದು. ಆಡುಮಾತಿನ ಸೊಗಡಿಲ್ಲವೆಂದು ಅವರ ಕಾವ್ಯವನ್ನು ದೂರುವವರು ಈ ಒಂದು ಶಬ್ದದ ಆಯ್ಕೆಯನ್ನು ಗಮನಿಸಿದರೆ ಸಾಕು. ಎಲ್ಲಿ ಬೇಕೋ ಅಲ್ಲಿ ಅವರಿಗೆ ಮಣ್ಣಿನ ಮಾತು ಸಿಕ್ಕುತ್ತಿತ್ತು.

ಪಂಚಾಯತಿನ ವಿಷಯದಲ್ಲಿ ಹೆಚ್ಚು ಹೇಳುವುದು ನನ್ನ ಅಧಿಕಾರಕ್ಕೆ ಸೇರಿದುದಲ್ಲ. ಆದರೂ ಒಂದು ಮಾತು. ಗಡಿನಾಡಿನ ಉಪಾಧ್ಯಾಯನು ತಾನು ಬಯಸದಿದ್ದರೂ ಊರಿನ ಮುಖಂಡನಾಗುವನು. ಕಚೇರಿಯಿಂದ ಬಂದ ಕಾಗದವು ಊರವರಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಹಿಡಿದುಕೊಂಡು ಜನರು ಮೊದಲು ಬರುವುದು ಮಾಸ್ತರರ ಮನೆಗೆ. ಅರ್ಜಿ ಬರೆಯುವವನು ಅವನೇ, ರುಜು ಹಾಕಿಸುವವನು ಅವನೇ, ಉತ್ತರ ಬಂದಾಗ ಅದರಲ್ಲಿ ಏನಿಲ್ಲವೆಂದು ಓದಿ ಹೇಳುವವನೂ ಅವನೇ. ಗಡಿ ಶಾಲೆಗಳ ಅಧ್ಯಾಪಕರ ಉತ್ತಮ ಗದ್ಯವನ್ನೆಲ್ಲ ಸಂಗ್ರಹಿಸಹೊರಟರೆ ಅದರ ಬಹುಭಾಗವು ಸರಕಾರದ ಕಡತಗಳಲ್ಲಿ ಸಿಕ್ಕೀತು! ರೈಗಳು ಈ ಸ್ವಾಭಾವಿಕವಾದ ಕರ್ತವ್ಯವನ್ನು ಪಂಚಾಯತಿನ ಅಧ್ಯಕ್ಷಪೀಠದ ವರೆಗೂ ಒಯ್ದರು. ರಾಜಕೀಯವು ಕಾವ್ಯವನ್ನು ಕೆಡಿಸಿತೆಂದು ಕೆಲವರ ಅಭಿಪ್ರಾಯ. ರಸ್ತೆ, ಬಾವಿ, ದೀಪಗಳ ಚಿಂತೆ ಕವಿಗೆ ಸಲ್ಲದೆಂದು ನಾನು ನಂಬಲಾರೆ.

ಇಲ್ಲಿಂದ ಮುಂದೆ ಬರೆಯುವುದು ನನಗೆ ಸ್ವಲ್ಪ ಕಷ್ಟ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ರೈಗಳು ಕಣ್ಣು ಮುಚ್ಚಿದ ಎರಡು ವರ್ಷಗಳಲ್ಲಿ, 2017ರಲ್ಲಿ, ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನವನ್ನು ಮಾಡಿತು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ಬಂದುದೂ, ಮಕ್ಕಳೂ ಹೆತ್ತವರೂ ಶಾಲೆಯ ಅಂಗಳದಲ್ಲಿ ಕುಳಿತು ಪ್ರತಿಭಟಿಸಿದುದೂ ಓದುಗರಿಗೆ ತಿಳಿದ ವಿಷಯ. ಗಣಿತದ ಲೆಕ್ಕವನ್ನು ಹಲಗೆಯ ಮೇಲೆ ಅಂಕಿಗಳಲ್ಲಿ ಬರೆದು ತೋರಿಸಬಹುದು. ಸಮಾಜಶಾಸ್ತ್ರದ ಪಾಠವನ್ನು ಕೈಸನ್ನೆಯಿಂದ ಹೇಳಲು ಬರುವುದಿಲ್ಲ. ಬಂದ ಅಧ್ಯಾಪಕರನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಅವರೂ ಅನ್ನಕ್ಕಾಗಿ ಬಂದವರು, ಅವರ ಮುಖದಲ್ಲಿಯೂ ಕಷ್ಟ ಕಾಣುತ್ತಿತ್ತು.

ಇಂತಹ ಸಂದರ್ಭಗಳಲ್ಲಿ ನಾವು ಏನು ಮಾಡುವೆವು? ಸಭೆ ಕರೆಯುವೆವು. ಆ ಪದ್ಯವನ್ನು ಹಾಡಿಸುವೆವು. ಕೆಲವು ವರ್ಷಗಳ ಹಿಂದೆ ಇಂತಹದೊಂದು ಸಭೆಯಲ್ಲಿ ನಾನೂ ವೇದಿಕೆಯ ಮೇಲಿದ್ದೆ. ಹಾಡು ಬಹಳ ಚೆನ್ನಾಗಿಯೇ ಆಯಿತು. ಅನಂತರ ಚಹದ ಹೊತ್ತಿನಲ್ಲಿ ಹಾಡಿದ ಹುಡುಗಿಯನ್ನು ಯಾವ ಶಾಲೆಯೆಂದು ಕೇಳಿದೆ. ಪೇಟೆಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯ ಹೆಸರನ್ನು ಹೇಳಿದಳು. ಪದ್ಯವನ್ನು ಹೇಗೆ ಕಲಿತೆಯೆಂದು ಕೇಳಿದಾಗ, ತಾಯಿಯ ಮೊಬೈಲಿನಲ್ಲಿ ಕೇಳಿ ಮಲಯಾಳ ಅಕ್ಷರದಲ್ಲಿ ಬರೆದುಕೊಂಡೆನೆಂದು ಉತ್ತರ ಬಂದಿತು. ಹುಡುಗಿಯ ತಪ್ಪೇನೂ ಇಲ್ಲ. ಸ್ವರ ಮಧುರವಾಗಿತ್ತು, ಉಚ್ಚಾರವೂ ಸ್ಪಷ್ಟವಾಗಿತ್ತು. ವೇದಿಕೆಯ ಮೇಲೆ ಕುಳಿತಿದ್ದ ಆರು ಮಂದಿಯಲ್ಲಿ ಮೊಮ್ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿದ್ದವರು ಎಷ್ಟು ಮಂದಿ ಎಂದು ನಾನು ಮನಸ್ಸಿನಲ್ಲಿಯೇ ಎಣಿಸಿದೆ. ನನ್ನನ್ನು ಸೇರಿಸಿದರೂ ಬಿಟ್ಟರೂ ಲೆಕ್ಕದಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ.

ಮನೆಮನೆಯಲ್ಲಿ ಕನ್ನಡವಾಡುವ ಊರಿನಲ್ಲಿ ಶಾಲೆ ಮುಚ್ಚಿದರೆ ಒಂದು ಸೌಕರ್ಯ ಹೋದಂತೆ. ಶಾಲೆಯಿಂದಲೇ ಕನ್ನಡ ಬಂದ ಊರಿನಲ್ಲಿ ಶಾಲೆ ಮುಚ್ಚಿದರೆ ತುಳು ಉಳಿದೀತು, ಕೊಂಕಣಿ ಉಳಿದೀತು, ಮಲಯಾಳ ಉಳಿದೇ ಉಳಿದೀತು. ತಾಯಿ ಎಂಬ ಆ ಒಂದು ಶಬ್ದವನ್ನು ಸ್ಲೇಟಿನ ಮೇಲೆ ಬರೆಯುವವರು ಇರಲಾರರು. ರೈಗಳು ಕವಿಯಾಗಿ ಕೂಗಿದುದಕ್ಕಿಂತ ಅಧ್ಯಾಪಕರಾಗಿ ದಿನಂಪ್ರತಿ ಮಾಡಿದುದು ಈ ದೃಷ್ಟಿಯಿಂದ ದೊಡ್ಡದೆಂದು ನಾನು ಹೇಳುವೆನು. ಕೂಗು ಒಂದು ದಿನದ್ದು. ಪಾಠವು ಒಂದು ತಲೆಮಾರಿನದು.

ಅದರಿಂದಲೇ, ಅವರ ಕೃತಿಗಳ ಪಟ್ಟಿಯಲ್ಲಿ ವಿಮರ್ಶಕರು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಒಂದು ಬಾಬಿನ ಮೇಲೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು. ಅದು 'ನವೋದಯ ವಾಚನಮಾಲೆ'; ಶಾಲೆಯ ಮಕ್ಕಳಿಗಾಗಿ ರೈಗಳು ಸಿದ್ಧಪಡಿಸಿದ ಪಾಠಪುಸ್ತಕಗಳ ಮಾಲೆ. ವ್ಯಾಕರಣ ಮತ್ತು ಪ್ರಬಂಧಗಳನ್ನು ಕುರಿತೂ ಅವರು ಮಕ್ಕಳಿಗಾಗಿ ಬರೆದರು. ಸಾಹಿತ್ಯ ಚರಿತ್ರೆಗಳಲ್ಲಿ ಪಾಠಪುಸ್ತಕಕ್ಕೆ ಸ್ಥಾನವಿಲ್ಲ. ಪಂಜೆಯವರ ಕಾಲದಿಂದಲೂ ನಮ್ಮ ಜಿಲ್ಲೆಯ ಉತ್ತಮ ಲೇಖಕರು ಇದಕ್ಕೆ ತಮ್ಮ ಉತ್ತಮ ವರ್ಷಗಳನ್ನು ಕೊಟ್ಟಿದ್ದಾರೆ. ಚರಿತ್ರಕಾರರು ಅದನ್ನು ಹೊಟ್ಟೆಪಾಡಿನ ಬರಹದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕವಿಯ ಸಂಕಲನವನ್ನು ಕೊಂಡು ಓದಿದವರು ಕೆಲವು ನೂರು ಮಂದಿ ಇದ್ದಾರು. ಪಾಠಪುಸ್ತಕವನ್ನು ಓದಿದವರು, ಎರಡನೆಯ ಬಾರಿ ಓದಿದವರು, ಪೆಟ್ಟು ತಿಂದು ಬಾಯಿಪಾಠ ಮಾಡಿದವರು, ಆಮೇಲೆ ಅದನ್ನು ತಮ್ಮ ತಂಗಿಗೋ ತಮ್ಮನಿಗೋ ದಾಟಿಸಿದವರು ಎಷ್ಟು ಮಂದಿ! ಒಂದು ನಾಡಿನ ಗದ್ಯಶೈಲಿ ಯಾವ ಪುಸ್ತಕಗಳಿಂದ ರೂಪುಗೊಂಡಿತೆಂದು ನಿಜವಾಗಿ ಹುಡುಕುವವನು ಮೊದಲು ಹೋಗಬೇಕಾದುದು ಅಲ್ಲಿಗೆ.

ಹೋಗಬೇಕೆಂದರೆ ಪುಸ್ತಕಗಳು ಸಿಕ್ಕಬೇಕಷ್ಟೆ. ಮಕ್ಕಳ ಪುಸ್ತಕವು ಓದಿ ಓದಿಯೇ ನಾಶವಾಗುವುದು. ಗ್ರಂಥಾಲಯಗಳು ಅದನ್ನು ಇಟ್ಟುಕೊಳ್ಳುವುದಿಲ್ಲ. ಹೊಸ ಪುಸ್ತಕ ಬಂದೊಡನೆ ಹಳೆಯದು ಅಂಗಡಿಯಲ್ಲಿ ಬೆಲ್ಲ ಕಟ್ಟಲು ಹೋಗುವುದು. ಈ ಮಾಲೆಯ ಎಲ್ಲ ಭಾಗಗಳನ್ನೂ ಒಂದೆಡೆ ಕಾಣುವ ಭಾಗ್ಯ ನನಗೆ ಇನ್ನೂ ಬಂದಿಲ್ಲ. ಎರಡು ಭಾಗಗಳು ನನ್ನಲ್ಲಿವೆ. ಒಂದರ ಮೊದಲ ಹನ್ನೆರಡು ಪುಟಗಳನ್ನು ಗೆದ್ದಲು ತಿಂದಿದೆ.

ಆದಕಾರಣ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ನಿಮ್ಮ ಅಜ್ಜನ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿರಿ. ಹಳೆಯ ಪಂಚಾಂಗಗಳ ಕಟ್ಟಿನೊಳಗೆ, ಅಡಿಕೆ ಲೆಕ್ಕದ ಪುಸ್ತಕಗಳ ಅಡಿಯಲ್ಲಿ, ತಗಡಿನ ಪೆಟ್ಟಿಗೆಯಲ್ಲಿ ಹುಡುಕಿರಿ. ರಟ್ಟು ಹರಿದಿದ್ದರೂ, ಪುಟಗಳು ಕಾಣೆಯಾಗಿದ್ದರೂ, ಯಾರೋ ಹುಡುಗ ರಾಜನ ಚಿತ್ರಕ್ಕೆ ಮೀಸೆ ಬರೆದಿದ್ದರೂ ಚಿಂತೆಯಿಲ್ಲ. ಈ ವಾಚನಮಾಲೆಯ ಯಾವ ಭಾಗ ದೊರೆತರೂ ನಿಮ್ಮ ಕನ್ನಡ ಅಧ್ಯಾಪಕರ ಕೈಯಲ್ಲಿ ಸಂಘಕ್ಕೆ ತಲಪಿಸಿರಿ. ಪ್ರತಿ ಮಾಡಿಕೊಂಡು ಮೂಲವನ್ನು ಜೋಪಾನವಾಗಿ ಹಿಂದಕ್ಕೆ ಕೊಡಲಾಗುವುದು. ಪುಸ್ತಕದ ಒಳರಟ್ಟಿನಲ್ಲಿ ಹೆಸರು, ತರಗತಿ, ಶಾಲೆಯ ಹೆಸರು ಬರೆದಿದ್ದರೆ ದಯವಿಟ್ಟು ಅದನ್ನು ಅಳಿಸಬೇಡಿರಿ.